ಇನ್ನೊಂದು ಕಾಲು ಸುತ್ತು

ನಮ್ಮ ಮನೆಯಲ್ಲಿ ನನ್ನ ಗಂಡ ಮುಚ್ಚಿದ ಡಬ್ಬಿಯನ್ನು ಅವರೇ ತೆಗೆಯಬೇಕು. ನಲ್ಲಿಯೂ ಹಾಗೆಯೇ, ಫ್ಲಾಸ್ಕಿನ ಮುಚ್ಚಳವೂ ಹಾಗೆಯೇ. ಮದುವೆಯಾದ ಹೊಸದರಲ್ಲಿ, ನಾನು ದಿನಕ್ಕೆ ಹತ್ತು ಸಲ ಕರೆಯಲಿ ಎಂದೇ ಹೀಗೆ ಮಾಡುತ್ತಾರೇನೋ ಅಂದುಕೊಂಡು ಖುಷಿಪಟ್ಟಿದ್ದೆ. ಆಮೇಲೆ ಗೊತ್ತಾಯಿತು, ಅದು ಪ್ರೀತಿಯಲ್ಲ, ಡಿಪೋದ ಅಭ್ಯಾಸ.

ಅವರು ಬಸ್ ಡಿಪೋದಲ್ಲಿ ಮೂವತ್ತೊಂದು ವರ್ಷ ಚಕ್ರದ ಮೇಸ್ತ್ರಿಯಾಗಿದ್ದವರು. ನಟ್ಟನ್ನು ಬಿಗಿದು, ಇನ್ನು ಸಾಕು ಅನ್ನಿಸಿದ ಮೇಲೆ ಇನ್ನೊಂದು ಕಾಲು ಸುತ್ತು ಬಿಗಿಯುವುದು ಅವರ ಪದ್ಧತಿ. ಆಮೇಲೆ ಅಂಗಿಯ ಜೇಬಿನಿಂದ ಸೀಮೆಸುಣ್ಣ ತೆಗೆದು ನಟ್ಟಿನಿಂದ ಚಕ್ರದವರೆಗೆ ಒಂದು ಬಿಳಿ ಗೀಟು ಎಳೆಯುತ್ತಿದ್ದರು. ಗೀಟು ಬಿದ್ದ ನಟ್ಟನ್ನು ಮತ್ತೊಬ್ಬ ಮುಟ್ಟುವ ಹಾಗಿಲ್ಲ. ಬಸ್ಸು ಡಿಪೋ ಬಿಡುವ ಮೊದಲೇ ತನ್ನ ಗೀಟನ್ನು ತಾನೇ ಅಳಿಸಿ ನಟ್ಟು ಸಡಿಲಿಸಿದವನನ್ನು ಊಟದ ಹೊತ್ತಿನಲ್ಲಿ ಎಲ್ಲರೂ ಸೇರಿ ಆಡಿಕೊಳ್ಳುತ್ತಿದ್ದರು. ನನ್ನ ಗಂಡ ಒಮ್ಮೆಯೂ ಅಳಿಸಿದವರಲ್ಲ. ಅವರು ಬಿಗಿದ ಚಕ್ರ ಒಂದೂ ಕಳಚಿದ್ದಿಲ್ಲ. ಇದನ್ನು ಅವರು ತಾವಾಗಿ ಯಾರಿಗೂ ಹೇಳುವುದಿಲ್ಲ. ಯಾರಾದರೂ ಕೇಳುವವರೆಗೆ ಕಾಯುತ್ತಾರೆ, ಅಷ್ಟೇ.

ನಾನು ಡಿಪೋದ ಪಕ್ಕದ ನಿಲ್ದಾಣದಲ್ಲಿ ಮೈಕಿನವಳು. ಇಪ್ಪತ್ತೇಳು ವರ್ಷ ಗಾಜಿನ ಕೋಣೆಯಲ್ಲಿ ಕೂತು, ಯಾವ ಬಸ್ಸು ಎಷ್ಟನೇ ಪ್ಲಾಟ್‌ಫಾರಂಗೆ ಬರುತ್ತದೆ, ಯಾವುದು ತಡ, ಯಾರ ಮಗು ಯಾವ ಕಂಬದ ಹತ್ತಿರ ಅಳುತ್ತಾ ನಿಂತಿದೆ ಎಂದು ಊರಿಗೆಲ್ಲ ಹೇಳಿದವಳು. ಬಸ್ಸಿನಡಿ ಅಂಗಾತ ಮಲಗಿ ಎರಡು ವರ್ಷ ನನ್ನ ಧ್ವನಿ ಕೇಳಿದ ಮನುಷ್ಯ ಒಂದು ದಿನ ಎಣ್ಣೆ ಕೈ ಒರೆಸಿಕೊಳ್ಳುತ್ತಾ ಗಾಜಿನ ಬಾಗಿಲಲ್ಲಿ ನಿಂತು, “ಮುಖಾನೂ ನೋಡಿ ಹೋಗೋಣ ಅಂತ ಬಂದೆ” ಎಂದರು. ನೋಡಿದರು. ಹೋಗಲಿಲ್ಲ.

ಈ ವರ್ಷ ನನ್ನ ಗಂಟಲಿನಲ್ಲಿ ಒಂದು ಗೆಡ್ಡೆ ಕಾಣಿಸಿಕೊಂಡಿತು. ಡಾಕ್ಟರು ಸುತ್ತಿ ಬಳಸಿ ಮಾತಾಡುವವರಲ್ಲ. “ಧ್ವನಿಪೆಟ್ಟಿಗೆ ಪೂರ್ತಿ ತೆಗೀಬೇಕು. ಜೀವಕ್ಕೆ ಭಯ ಇಲ್ಲ. ಆದ್ರೆ ಈ ಧ್ವನಿ ಇರಲ್ಲ” ಎಂದರು. ಮಾತು ಬೆಳ್ಳಿ, ಮೌನ ಬಂಗಾರ ಎಂದವರು ಯಾರೋ ಗಂಟಲು ನೆಟ್ಟಗಿದ್ದವರೇ ಇರಬೇಕು. ನನಗೆ ಬೆಳ್ಳಿಯೇ ಸಾಕಾಗಿತ್ತು. ಮನೆಗೆ ಬಂದು ಒಂದು ಸಲ ಚೆನ್ನಾಗಿ ಅತ್ತೆ, ಮುಖ ತೊಳೆದುಕೊಂಡೆ, ಮುಂದೇನು ಎಂದು ಕೇಳಿದೆ.

ಮುಂದಿನದನ್ನು ಹೇಳಿದವರು ಆಸ್ಪತ್ರೆಯ ಮಾತಿನ ಟೀಚರ್. ಧ್ವನಿ ಕಳೆದುಕೊಂಡವರಿಗೆ ಬೇರೆ ದಾರಿ ಕಲಿಸುವುದು ಆಕೆಯ ಕೆಲಸ. ಮುನ್ನೂರು ವಾಕ್ಯಗಳ ಒಂದು ಪಟ್ಟಿ ಕೊಟ್ಟರು. ಅವನ್ನು ಈಗಲೇ ಕಂಪ್ಯೂಟರಿಗೆ ಓದಿಟ್ಟರೆ, ಆಮೇಲೆ ನಾನು ಏನು ಟೈಪು ಮಾಡಿದರೂ ಯಂತ್ರ ಅದನ್ನು ನನ್ನ ಧ್ವನಿಯಲ್ಲೇ ಹೇಳುತ್ತದಂತೆ.

“ಕನಿಷ್ಠ ಇನ್ನೂರಾದ್ರೂ ಬೇಕು,” ಎಂದರು. “ಕಡಿಮೆಯಾದ್ರೆ ಯಾರದೋ ಧ್ವನಿ ಥರ ಕೇಳುತ್ತೆ. ಆದ್ರೆ ದಿನಕ್ಕೆ ಒಂದು ಗಂಟೆ ಮೇಲೆ ಓದಬೇಡಿ. ನಿಮ್ಮ ಗಂಟಲು ತಡೆಯಲ್ಲ.”

“ಫೋನಲ್ಲಿ ಓದಿದ್ರೆ ಆಗಲ್ವಾ?”

“ಆಗಲ್ಲ. ಈ ಪ್ರೋಗ್ರಾಂ ಒಂದೊಂದು ವಾಕ್ಯಾನೂ ಅಲ್ಲೇ ಪರೀಕ್ಷೆ ಮಾಡಿ ತಗೊಳ್ಳುತ್ತೆ. ಅದಕ್ಕೆ ಒಳ್ಳೆ ಗಟ್ಟಿ ಕಂಪ್ಯೂಟರೇ ಬೇಕು.”

ಅಂದು ಸೋಮವಾರ. ಶಸ್ತ್ರಚಿಕಿತ್ಸೆ ಅದರ ಮುಂದಿನ ಸೋಮವಾರ. ಲೆಕ್ಕ ಹಾಕಿದರೆ ಸಮಯ ಧಾರಾಳವಾಗಿತ್ತು. ಗಂಟೆಗೆ ನೂರು ವಾಕ್ಯದಂತೆ ಮೂರೇ ದಿನದ ಕೆಲಸ.

“ಕಂಪ್ಯೂಟರ್ ನಾನೇ ಕಟ್ತೀನಿ,” ಎಂದರು ನನ್ನ ಗಂಡ.

“ಅಂಗಡೀಲಿ ಕಟ್ಟಿರೋದೇ ಸಿಗುತ್ತಲ್ರೀ.”

“ಅದನ್ನ ಯಾವನು ಹೇಗೆ ಬಿಗಿದಿದ್ದಾನೋ, ನನಗೇನು ಗೊತ್ತು?”

ಈ ಮನುಷ್ಯ ಅಂಗಡಿಯಿಂದ ಬಂದ ಕುರ್ಚಿಯನ್ನೂ ಒಮ್ಮೆ ಬಿಚ್ಚಿ ಮತ್ತೆ ಜೋಡಿಸಿಯೇ ಕೂರುವವರು. ವಾದ ಮಾಡುವುದು ದಂಡ. ಮಂಗಳವಾರ ಬೆಳಿಗ್ಗೆ ಬಿಡಿಭಾಗಗಳ ಅಂಗಡಿಯಿಂದ ಏಳೆಂಟು ಪೆಟ್ಟಿಗೆ ತಂದು ಊಟದ ಮೇಜಿನ ಮೇಲೆ ಹರಡಿದರು. ಕೈಪಿಡಿಯನ್ನು ಎರಡು ಸಲ ಓದಿದರು, ಯಾರೋ ಜೋಡಿಸುವ ವಿಡಿಯೋವನ್ನು ಮೂರು ಸಲ ನೋಡಿದರು. ಅಷ್ಟು ದೊಡ್ಡ ಬೆರಳುಗಳು ಅಷ್ಟು ಸಣ್ಣ ತಂತಿಗಳನ್ನು ಅವುಗಳ ಜಾಗಕ್ಕೆ ಸೇರಿಸುವುದನ್ನು ನೋಡಲು ಚೆಂದವಾಗಿತ್ತು. ಕೊನೆಗೆ, ಯಂತ್ರದ ಮಿದುಳಾದ ಚಿಪ್ಪಿನ ಮೇಲೆ ಅದನ್ನು ತಣ್ಣಗಿಡುವ ಕೂಲರ್ ಕೂರಿಸಿದರು. ಇಟ್ಟಿಗೆಯಷ್ಟು ದಪ್ಪ, ಒಳ್ಳೆ ತೂಕ, ಬೆನ್ನಿಗೊಂದು ಫ್ಯಾನು, ನಾಲ್ಕು ಮೂಲೆಗೆ ನಾಲ್ಕು ಸ್ಕ್ರೂ. ಸಂಜೆಗೆ ಗುಂಡಿ ಒತ್ತಿದರೆ ದೀಪ ಹತ್ತಿತು, ಫ್ಯಾನು ತಿರುಗಿತು, ಪರದೆ ಬೆಳಗಿತು. ಮೊದಲ ಏಟಿಗೇ. ಪಕ್ಕದ ಮನೆಯವರು ಕೇಳಲಿ ಎಂದು ಒಂದು ಗಂಟೆ ಗೇಟಿನ ಹತ್ತಿರ ನಿಂತಿದ್ದರು.

ಬುಧವಾರ ನಾನು ಓದಲು ಕೂತೆ. ಆ ಪ್ರೋಗ್ರಾಂ ಐವತ್ತು ವಾಕ್ಯ ಸೇರಿದ ಮೇಲೆಯೇ ಒಂದು ಕಟ್ಟು ಮಾಡಿ ಒಳಗೆ ಇಟ್ಟುಕೊಳ್ಳುತ್ತದೆ. ನಡುವೆ ನಿಂತರೆ ಅಷ್ಟೂ ಹೋಯಿತು. ಮುಂದೆ ಮೈಕು ಕಂಡದ್ದೇ ತಡ, ನನ್ನ ಬೆನ್ನು ನೆಟ್ಟಗಾಯಿತು, ನಿಲ್ದಾಣದ ಧ್ವನಿ ತಾನಾಗಿ ಬಂತು. “ಕಿಟಕಿಯ ಹೊರಗೆ ಗಾಳಿ ಬೀಸುತ್ತಿದೆ. ನಾಳೆ ಬೆಳಿಗ್ಗೆ ಬೇಗ ಏಳಬೇಕು.” ಹೀಗೆ ಹಿಂದಿಲ್ಲದ ಮುಂದಿಲ್ಲದ ವಾಕ್ಯಗಳು. ನಲವತ್ತೊಂದು ಮುಗಿಸಿದ್ದೆ. ಪರದೆ ನಿಂತುಬಿಟ್ಟಿತು. ಫ್ಯಾನು ತಿರುಗುತ್ತಿದೆ, ದೀಪ ಉರಿಯುತ್ತಿದೆ, ಬಾಣದ ಗುರುತು ಮಾತ್ರ ಎಳೆದರೂ ಕದಲುವುದಿಲ್ಲ. ತಪ್ಪು ಏನೆಂದು ಒಂದು ಅಕ್ಷರ ಬರೆದು ತೋರಿಸುವ ಮರ್ಯಾದೆಯೂ ಅದಕ್ಕಿರಲಿಲ್ಲ.

ಆರಿಸಿ ಹೊತ್ತಿಸಿ ಮತ್ತೆ ಮೊದಲಿನಿಂದ ಓದಿದೆ. ಇಪ್ಪತ್ತಮೂರಕ್ಕೆ ನಿಂತಿತು.

“ಪ್ರೋಗ್ರಾಂದೇ ತಪ್ಪು,” ಎಂದರು ಅವರು. ಎಲ್ಲವನ್ನೂ ಅಳಿಸಿ ಹೊಸದಾಗಿ ತುಂಬಿದರು. ಆಮೇಲೆ ಪ್ರೋಗ್ರಾಂ ತೆರೆಯದೆಯೇ, ಬರೀ ಗಡಿಯಾರ ತೋರಿಸುತ್ತಾ ಕೂತಿದ್ದಾಗಲೂ ಅದು ನಿಂತಿತು. ಬಿಸಿಯಾಗಿರಬಹುದೇ ಎಂದು ನೋಡಿದರೆ ತಣ್ಣಗಿತ್ತು. ಒಮ್ಮೆ ಹತ್ತು ನಿಮಿಷಕ್ಕೆ, ಒಮ್ಮೆ ನಲವತ್ತು ನಿಮಿಷಕ್ಕೆ. ಹೊತ್ತಿಲ್ಲ ಗೊತ್ತಿಲ್ಲ.

ಗುರುವಾರ ಅದನ್ನು ಹೊತ್ತುಕೊಂಡು ಬಿಡಿಭಾಗದ ಅಂಗಡಿಗೆ ಹೋದೆವು. ಅಂಗಡಿಯವಳು ನನ್ನ ವಯಸ್ಸಿನವಳೇ. ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡು ಅದನ್ನೇ ಹುಡುಕುವ ಪೈಕಿ. ಆದರೆ ಕೆಲಸದಲ್ಲಿ ಚುರುಕು. ಪೆಟ್ಟಿಗೆಯನ್ನು ಮೇಜಿನ ಮೇಲೆ ಅಡ್ಡ ಮಲಗಿಸಿ ಪಕ್ಕದ ತಗಡು ತೆಗೆದಳು. ಮೊದಲು ಮೆಮೊರಿ ಕಡ್ಡಿಗಳನ್ನು ಒಂದೊಂದಾಗಿ ತೆಗೆದು ಹಾಕಿ ಪರೀಕ್ಷಿಸಿದಳು, ಆಮೇಲೆ ಕರೆಂಟಿನ ಡಬ್ಬಿ ಬದಲಿಸಿ ನೋಡಿದಳು. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಯಂತ್ರ ಒಮ್ಮೆಯೂ ನಿಲ್ಲಲಿಲ್ಲ.

“ಇದೇನು ಬಿಳಿ ಗೀಟು?” ಎಂದು ಕೂಲರಿನ ಸ್ಕ್ರೂಗಳನ್ನು ತೋರಿಸಿದಳು.

“ಅದು ಆಗಿರೋ ಕೆಲಸ. ಅದನ್ನ ಮುಟ್ಟಬೇಡಿ,” ಎಂದರು ನನ್ನ ಗಂಡ.

ಅವರು ಅದನ್ನು ಹೇಳಿದ ಧಾಟಿಗೆ ಆಕೆ ಕೈ ಹಿಂದೆ ತೆಗೆದುಕೊಂಡಳು. “ಹಾಗಾದ್ರೆ ಯಂತ್ರ ಸರಿಯಾಗೇ ಇದೆ ಯಜಮಾನ್ರೇ. ನಿಮ್ಮ ಮನೆ ಕರೆಂಟೇ ಸರಿ ಇಲ್ಲ.”

ಸಂಜೆ ಮನೆಯಲ್ಲಿ ಐವತ್ತು ಓದಿ ಒಂದು ಕಟ್ಟು ಒಳಗೆ ಹೋಯಿತು. ಇಬ್ಬರೂ ಚಪ್ಪಾಳೆ ತಟ್ಟಿದೆವು. ಎರಡನೇ ಕಟ್ಟು ನಲವತ್ತೆಂಟಕ್ಕೆ ನಿಂತಿತು. ಇನ್ನೆರಡು ವಾಕ್ಯ! ನಾನು ಆ ಯಂತ್ರಕ್ಕೆ ಅಂದದ್ದನ್ನು ಇಲ್ಲಿ ಬರೆಯುವುದಿಲ್ಲ.

ತನ್ನ ಎಲೆಯಲ್ಲಿ ಕತ್ತೆ ಸತ್ತು ಬಿದ್ದಿದ್ದರೂ ಪಕ್ಕದ ಎಲೆಯ ನೊಣದ ಕಡೆ ಬೆರಳು ತೋರಿಸುತ್ತಾರಂತಲ್ಲ, ಶುಕ್ರವಾರ ನಮ್ಮ ಮನೆಯಲ್ಲಿ ನಡೆದದ್ದು ಅದೇ. ನನ್ನ ಗಂಡ ಮೀಟರು ಹಿಡಿದು ಮನೆಯ ಎಲ್ಲ ಪ್ಲಗ್ಗುಗಳನ್ನೂ ಅಳೆದರು, ಸ್ವಿಚ್ ಬೋರ್ಡುಗಳನ್ನೆಲ್ಲ ಬಿಚ್ಚಿ ಮತ್ತೆ ಬಿಗಿದರು. ಫ್ರಿಜ್ಜು ಆರಿಸಿದರು. ಬೀದಿಯ ಕಂಬದ ಮೇಲೂ ಅನುಮಾನ ಬಂತು. ಲೈನ್‌ಮ್ಯಾನ್‌ನನ್ನು ಕರೆಸಿದರೆ ಅವನು ಕಂಬ ನೋಡಿ, ನಮ್ಮನ್ನು ನೋಡಿ, ತಲೆ ಕೆರೆದುಕೊಂಡು ಹೋದ. ಅಂದಿನ ಓದು ಒಮ್ಮೆ ಹನ್ನೆರಡಕ್ಕೆ ನಿಂತಿತು, ಇನ್ನೊಮ್ಮೆ ಮೂವತ್ತೇಳಕ್ಕೆ.

ಸಂಜೆ ಪಟ್ಟಿಯ ಹಿಂದೆ ಲೆಕ್ಕ ಬರೆದೆ. ಉಳಿದದ್ದು ಐವತ್ತು, ಗಾಳಿಗೆ ಹೋದದ್ದು ನೂರ ಅರವತ್ತೊಂದು. ಧ್ವನಿ ಆಗಲೇ ಒಡೆಯಲು ಶುರುವಾಗಿತ್ತು. ಶನಿವಾರ ಒಂದು ಗಂಟೆ, ಭಾನುವಾರ ಒಂದು ಗಂಟೆ, ಆಮೇಲೆ ಇಲ್ಲ. ನನಗೆ ಭಯವಾಯಿತು, ಯಾಕೆ ಸುಳ್ಳು ಹೇಳಲಿ. ಸಾಯುವ ಭಯವಲ್ಲ. ಯಾರದೋ ಧ್ವನಿಯಲ್ಲಿ ನನ್ನ ಗಂಡನನ್ನು ಕರೆಯಬೇಕಾಗುತ್ತದಲ್ಲ, ಆ ಭಯ. ಆ ಧ್ವನಿಗೆ ಅವರು ಓಗೊಡುತ್ತಾರೆ, ಪಾಪ, ಒಳ್ಳೆಯವರು. ಆದರೆ ಒಂದು ಕ್ಷಣ ಯಾರು ಎಂದು ನೋಡಿ ಆಮೇಲೆ ಓಗೊಡುತ್ತಾರೆ. ಆ ಒಂದು ಕ್ಷಣ ನನಗೆ ಬೇಡವಾಗಿತ್ತು.

ಶನಿವಾರ ಬೆಳಿಗ್ಗೆ ಬಿಸಿನೀರು ಕುಡಿಯೋಣವೆಂದು ಫ್ಲಾಸ್ಕು ತೆಗೆದುಕೊಂಡೆ. ಮುಚ್ಚಳ ತಿರುಗಲಿಲ್ಲ. ಬಟ್ಟೆ ಸುತ್ತಿ ತಿರುಗಿಸಿದೆ, ಮೊಣಕಾಲಿನ ನಡುವೆ ಇಟ್ಟು ತಿರುಗಿಸಿದೆ. ಬೇರೆ ದಿನವಾಗಿದ್ದರೆ ಒಂದು ಕೂಗು ಹಾಕುತ್ತಿದ್ದೆ. ಅಂದು ನನ್ನ ಒಂದು ಗಂಟೆಯ ಧ್ವನಿಯಲ್ಲಿ ಒಂದು ಕೂಗನ್ನೂ ಖರ್ಚು ಮಾಡುವ ಹಾಗಿರಲಿಲ್ಲ. ಫ್ಲಾಸ್ಕಿನಿಂದ ಮೇಜಿಗೆ ಕುಟ್ಟಿದೆ. ಅವರು ಬಂದು ಎರಡು ಬೆರಳಿನಲ್ಲಿ ತೆಗೆದುಕೊಟ್ಟು, ನಾನು ಬಗ್ಗಿಸಿಕೊಂಡ ಮೇಲೆ ಮತ್ತೆ ಮುಚ್ಚಿದರು. ತಿರುಗಿಸಿದರು, ಸಾಕಾಯಿತು, ಇನ್ನೊಂದು ಕಾಲು ಸುತ್ತು.

ನಾನು ಲೋಟ ಹಿಡಿದು ಅವರ ಕೈಯನ್ನೇ ನೋಡಿದೆ. ಆಮೇಲೆ ಮೇಜಿನ ಕೆಳಗೆ ನೆಟ್ಟಗೆ ನಿಂತಿದ್ದ ಕಂಪ್ಯೂಟರನ್ನು ನೋಡಿದೆ. ಅಂಗಡಿಯಲ್ಲಿ ಅದು ಆರು ಗಂಟೆ ಮಲಗಿತ್ತು. ಮಲಗಿದಾಗ ನಿಲ್ಲದ್ದು ನಿಂತಾಗ ಯಾಕೆ ನಿಲ್ಲುತ್ತದೆ?

“ರೀ,” ಎಂದು ಪಿಸುಗುಟ್ಟಿದೆ, “ಆ ಕೂಲರಿನ ಸ್ಕ್ರೂ ಎಷ್ಟು ಬಿಗಿದಿದ್ದೀರಾ?”

“ಎಷ್ಟು ಬೇಕೋ ಅಷ್ಟು.”

“ಆಮೇಲೆ?”

ಅವರು ಫ್ಲಾಸ್ಕನ್ನು ಕೆಳಗಿಟ್ಟರು. “ಆಮೇಲೆ ಕಾಲು ಸುತ್ತು,” ಎಂದರು.

ಅಂಗಡಿಯವಳಿಗೆ ಫೋನು ಮಾಡಿ, ನನಗೂ ಕೇಳಲಿ ಎಂದು ಸ್ಪೀಕರಿಗೆ ಹಾಕಿದರು.

“ಅದನ್ನ ಎರಡು ಬೆರಳಲ್ಲಿ ತಿರುಗೋ ತನಕ ತಿರುಗಿಸಿ ಬಿಟ್ಟುಬಿಡಬೇಕು,” ಎಂದಳು ಆಕೆ. “ಯಾಕೆ, ನೀವು ಎಷ್ಟು ಬಿಗಿದಿದ್ದೀರಾ?”

“ಬಸ್ಸಿಗೆ ಬಿಗಿಯೋ ಅಷ್ಟು.”

“ಯಜಮಾನ್ರೇ, ಚಿಪ್ಪು ಕೂತಿರೋ ಬೋರ್ಡೇ ಬಾಗಿರುತ್ತೆ. ಮಲಗಿಸಿದ್ರೆ ಹೇಗೋ ತಡ್ಕೊಳ್ಳುತ್ತೆ. ನಿಲ್ಲಿಸಿದ್ರೆ ಆ ಕೂಲರ್ ತೂಕಾನೂ ಸೇರಿ ಎಳೆಯುತ್ತೆ, ಚಿಪ್ಪಿನ ಕಾಲುಗಳು ಒಮ್ಮೆ ತಾಗುತ್ತೆ, ಒಮ್ಮೆ ತಾಗಲ್ಲ. ಆ ಬಿಳಿ ಗೀಟನ್ನ ಅವತ್ತೇ ಮುಟ್ಟಬೇಕಿತ್ತು ನಾನು,” ಎಂದಳು.

ಅವರು ಬೋರ್ಡನ್ನು ಪೆಟ್ಟಿಗೆಯಿಂದ ಹೊರತೆಗೆದು ಅದರ ಬೆನ್ನಿಗೆ ಉಕ್ಕಿನ ಸ್ಕೇಲು ಹಿಡಿದು ಕಿಟಕಿಯ ಕಡೆ ತಿರುಗಿಸಿದರು. ನಡುವೆ ತಾಗಿತ್ತು, ಎರಡೂ ಅಂಚಿನಲ್ಲಿ ಸ್ಕೇಲಿನಡಿ ತೆಳುವಾಗಿ ಬೆಳಕು ಕಂಡಿತು. ಬಹಳ ಹೊತ್ತು ಆ ಬೆಳಕನ್ನು ನೋಡಿದರು. ನಾನು ಏನೂ ಅನ್ನಲಿಲ್ಲ. ಅನ್ನುವುದು ಬೇಕಾದಷ್ಟಿತ್ತು, ಆದರೆ ಉಳಿತಾಯದ ದಿನ.

“ನನ್ನ ಕೈ ತಪ್ಪಿತು ಕಣೇ,” ಎಂದರು.

“ತಪ್ಪಿಲ್ಲ, ಜಾಸ್ತಿ ಆಯ್ತು,” ಎಂದೆ.

ಹೆಬ್ಬೆರಳನ್ನು ನಾಲಗೆಗೆ ತಾಗಿಸಿ ನಾಲ್ಕೂ ಗೀಟುಗಳನ್ನು ಒಂದೊಂದಾಗಿ ಅಳಿಸಿದರು. ಮೂವತ್ತೊಂದು ವರ್ಷದಲ್ಲಿ ಮಾಡದ ಕೆಲಸ. ಸ್ಕ್ರೂಗಳನ್ನು ಬಿಚ್ಚಿ, ಚಿಪ್ಪಿಗೂ ಕೂಲರಿಗೂ ನಡುವಿದ್ದ ಹಳೆಯ ಪೇಸ್ಟು ಒರೆಸಿ ಹೊಸದು ಹಚ್ಚಿ, ಕೂಲರನ್ನು ಮತ್ತೆ ಕೂರಿಸಿ ಎರಡು ಬೆರಳಿನಲ್ಲಿ ತಿರುಗಿಸಿದರು. ಸ್ಕ್ರೂ ನಿಂತ ಕಡೆ ಅವರ ಬೆರಳೂ ನಿಂತಿತು. ಮಣಿಕಟ್ಟು ಇನ್ನೂ ಸ್ವಲ್ಪ ತಿರುಗಲು ಹವಣಿಸುತ್ತಿದ್ದದ್ದು ನನಗೆ ಕಾಣುತ್ತಿತ್ತು. ಅವರು ಆ ಕೈಯನ್ನು ಎಡಗೈಯಲ್ಲಿ ಹಿಡಿದು ಜೇಬಿಗೆ ಹಾಕಿಕೊಂಡರು. ಮತ್ತೆ ಸ್ಕೇಲು ಹಿಡಿದರೆ ಬೆಳಕು ಕಾಣಲಿಲ್ಲ.

ಯಂತ್ರವನ್ನು ನೆಟ್ಟಗೆ ನಿಲ್ಲಿಸಿ ಮೂರು ಗಂಟೆ ಓಡಿಸಿದರು, ನಿಲ್ಲಲಿಲ್ಲ. ಮಧ್ಯಾಹ್ನ ನಾನು ಕೂತು ಐವತ್ತು ಓದಿದೆ, ಕಟ್ಟು ಒಳಗೆ ಹೋಯಿತು. ಇನ್ನೈವತ್ತು ಓದಿದೆ, ಅದೂ ಹೋಯಿತು. ಒಟ್ಟು ನೂರೈವತ್ತು. ಮಾತಿನ ಟೀಚರಿಗೆ ಫೋನು ಮಾಡಿ ತಿಳಿಸಿದೆವು.

“ನಾಳೆ ಐವತ್ತು ಆದ್ರೆ ಸಾಕು, ಅದಕ್ಕಿಂತ ಹೆಚ್ಚು ಬೇಡ,” ಎಂದರು ಆಕೆ. “ಕೊನೇ ಐವತ್ತು ಪಟ್ಟೀದೇ ಆಗಬೇಕು ಅಂತಿಲ್ಲ. ನಿಮ್ಮದೇ ಮಾತು ಟೈಪ್ ಮಾಡ್ಕೊಂಡು ಓದಬಹುದು.”

ಭಾನುವಾರ ನಾನು ಮೈಕಿನ ಮುಂದೆ ಕೂತು ಬೆನ್ನು ನೆಟ್ಟಗೆ ಮಾಡಿಕೊಂಡಾಗ ಅವರು ಒಂದು ಹಾಳೆ ತಂದು ಮುಂದಿಟ್ಟರು. ಡಿಪೋದ ಹಳೆಯ ಕೆಲಸದ ಹಾಳೆ. ಹಿಂಬದಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಅಂಕಿ ಹಾಕಿದ್ದರು. ಅಷ್ಟನ್ನೂ ಒಂದೇ ಬೆರಳಿನಲ್ಲಿ ಕಂಪ್ಯೂಟರಿಗೂ ಟೈಪು ಮಾಡಿಟ್ಟಿದ್ದರು.

“ಇದನ್ನ ಓದು,” ಎಂದರು. “ನಿಲ್ದಾಣದ ಧ್ವನೀಲಿ ಬೇಡ. ಅದು ಊರಿಗೆಲ್ಲ ಕೇಳಿದ್ದು. ಯಂತ್ರಕ್ಕೆ ಅದೊಂದೇ ಗೊತ್ತಾದ್ರೆ, ಮನೇಲಿ ದಿನಾ ಬಸ್ಸು ಹಿಡಿಯೋಕೆ ನಿಂತ ಹಾಗಿರುತ್ತೆ ನನಗೆ.”

ಹಾಳೆ ನೋಡಿದೆ.

ಒಂದು: ರೀ, ಆ ಕೊಳೆ ಕೈಯಲ್ಲೇ ಟವಲ್ ಮುಟ್ಟಿದ್ರಾ? ಎರಡು: ನಿಮಗೆ ಹೇಳೋದೂ ಒಂದೇ, ಗೋಡೆಗೆ ಹೇಳೋದೂ ಒಂದೇ. ಐದು: ಕನ್ನಡಕ ಮೂಗಿನ ಮೇಲೇ ಇದೆ. ಒಂಬತ್ತು: ಉಣ್ಣೋಕೆ ಬರ್ತೀರೋ, ಮುಚ್ಚಿಡ್ಲೋ? ಹದಿನಾಲ್ಕು: ಈ ಮುಚ್ಚಳ ಬಿಗಿದವರೇ ಬಂದು ತೆಗೀಬೇಕು. ಇಪ್ಪತ್ತೆರಡು: ನಾನೇನು ನಿಮ್ಮ ಡಿಪೋದ ಹೆಲ್ಪರಾ? ಮೂವತ್ತಾರು: ಛತ್ರಿ ತಗೊಂಡು ಹೋಗಿ ಅಂದ್ರೆ ಕೇಳಲ್ಲ, ನೆನೆದು ಬಂದ ಮೇಲೆ ಮುಖ ನೋಡಿ.

ಐವತ್ತೂ ನನ್ನ ಬೈಗುಳಗಳೇ. ನಾನು ಬೈಯುವಾಗ ಪೇಪರಿನಿಂದ ತಲೆಯೆತ್ತದ ಮನುಷ್ಯ, ಇಷ್ಟು ವರ್ಷ ಕಿವುಡರ ಹಾಗೆ ಕೂತಿದ್ದ ಮನುಷ್ಯ, ಒಂದಕ್ಷರ ಬಿಡದೆ ಬರೆದಿದ್ದರು. ಎಲ್ಲಿ ರಾಗ ಎಳೆಯುತ್ತೇನೋ ಅಲ್ಲಿ ಅಡಿಗೆರೆ ಕೂಡ ಹಾಕಿದ್ದರು. ನನ್ನ ಕಣ್ಣಿನಲ್ಲಿ ನೀರು ಬಂತು. ಅಳುತ್ತಾ ಓದಿದರೆ ಯಂತ್ರ ಒಪ್ಪುವುದಿಲ್ಲ. ಹಾಗಾಗಿ ಸೆರಗಿನಲ್ಲಿ ಒರೆಸಿಕೊಂಡು, ಬೆನ್ನು ಸಡಿಲ ಬಿಟ್ಟು, ಅವರನ್ನು ಎದುರಿನ ಕುರ್ಚಿಯಲ್ಲಿ ಕೂರಿಸಿಕೊಂಡು, ಮುಖ ನೋಡಿ ಐವತ್ತನ್ನೂ ಬೈದೆ. ಮನಸಾರೆ ಬೈದೆ. ಕಡೆಯ ಹತ್ತು ವಾಕ್ಯಕ್ಕೆ ಗಂಟಲು ಕಿತ್ತು ಬರುತ್ತಿತ್ತು, ಆದರೂ ಬಿಡಲಿಲ್ಲ. ಯಂತ್ರ ಎಲ್ಲೂ ನಿಲ್ಲದೆ ಕೇಳಿಸಿಕೊಂಡಿತು. ಅವರೂ ಅಷ್ಟೇ.

ಸೋಮವಾರ ಬೆಳಿಗ್ಗೆ ಆಸ್ಪತ್ರೆಗೆ ಹೋದೆ. ಡಾಕ್ಟರು ಹೇಳಿದ್ದು ಹೇಳಿದಂತೆಯೇ ಆಯಿತು. ಜೀವ ಉಳಿಯಿತು, ಧ್ವನಿ ಹೋಯಿತು.

ಮೂರು ವಾರದ ಮೇಲೆ ಮನೆಗೆ ಬಂದೆ. ಆ ಯಂತ್ರವಾಗಲೇ ನಾನು ಓದಿದ್ದನ್ನೆಲ್ಲ ಅರಗಿಸಿಕೊಂಡು ಸಿದ್ಧವಾಗಿ ಕೂತಿತ್ತು. ಮೊದಲ ಮಾತು ಏನು ಆಡಿಸಬೇಕೆಂದು ಆಸ್ಪತ್ರೆಯಲ್ಲೇ ಯೋಚಿಸಿದ್ದೆ. ಒಂದೆರಡು ಒಳ್ಳೆಯ ಮಾತು ಆರಿಸಿಯೂ ಇಟ್ಟುಕೊಂಡಿದ್ದೆ. ಅವರು ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದರು. ನಾನು ನೀರು ಕುಡಿಯಲು ಅಡುಗೆಮನೆಗೆ ಹೋದೆ. ಡಬ್ಬಿಗಳ ಮುಚ್ಚಳಗಳೆಲ್ಲ ಸುಮ್ಮನೆ ಮೇಲೆ ಕೂತಿದ್ದವು, ಮುಟ್ಟಿದರೆ ತಿರುಗುತ್ತಿದ್ದವು. ಫ್ಲಾಸ್ಕು ಎರಡು ಬೆರಳಿಗೆ ತೆರೆಯಿತು. ನಲ್ಲಿಯಿಂದ ಟಪ್ ಟಪ್ ಎಂದು ನೀರು ಬೀಳುತ್ತಿತ್ತು; ಕೆಳಗಿಟ್ಟ ಪಾತ್ರೆ ತುಂಬಿ ಹರಿದು ನೆಲವೆಲ್ಲ ಒದ್ದೆಯಾಗಿತ್ತು. ಕೂಗಲು ಬಾರದವಳಿಗೆಂದು ಅವರು ಇಡೀ ಮನೆಯನ್ನು ಕಾಲು ಸುತ್ತು ಸಡಿಲ ಮಾಡಿಟ್ಟಿದ್ದರು.

ಆರಿಸಿಟ್ಟುಕೊಂಡ ಒಳ್ಳೆಯ ಮಾತುಗಳೆಲ್ಲ ಮರೆತುಹೋದವು. ಒದ್ದೆ ಕಾಲಿನಲ್ಲೇ ಬಂದು ಟೈಪು ಮಾಡಿ, ಧ್ವನಿಯನ್ನು ಪೂರ್ತಿ ಏರಿಸಿ, ಗುಂಡಿ ಒತ್ತಿದೆ.

“ರೀ! ನಲ್ಲಿ ಸೋರ್ತಾ ಇದೆ! ಮನೆಯೆಲ್ಲ ಕೆರೆ ಮಾಡಿದ್ದೀರಲ್ಲ, ಒಂದು ನಲ್ಲಿ ನೆಟ್ಟಗೆ ಬಿಗಿಯೋಕೆ ಬರಲ್ವಾ ನಿಮಗೆ?”

ನನ್ನದೇ ಧ್ವನಿ. ರಾಗ ಎಳೆಯುವ ಕಡೆ ರಾಗ ಎಳೆಯಿತು. ಅವರು ಬರೆದ ಐವತ್ತರಲ್ಲಿ ಈ ಮಾತು ಇರಲಿಲ್ಲ; ನಮ್ಮ ಮನೆಯ ನಲ್ಲಿ ಅಲ್ಲಿಯವರೆಗೆ ಒಂದು ಹನಿಯೂ ಸೋರಿದ್ದಿಲ್ಲ.

ಹಿತ್ತಲಿನಿಂದ, ಒಂದು ಕ್ಷಣವೂ ತಡವಿಲ್ಲದೆ, “ಬಂದೆ, ಬಂದೆ, ಅದಕ್ಯಾಕೆ ಅಷ್ಟು ಕೂಗ್ತೀಯ?” ಎಂದು ಉತ್ತರ ಬಂತು. ಆಮೇಲೆ ಬಕೆಟ್ಟು ಕೆಳಗೆ ಬಿದ್ದ ಸದ್ದು ಕೇಳಿಸಿತು. ಅವರು ಬಾಗಿಲಿಗೆ ಬಂದು, ಒದ್ದೆ ಬಟ್ಟೆಯನ್ನು ಕೈಯಲ್ಲೇ ಹಿಡಿದುಕೊಂಡು, ನನ್ನನ್ನೂ ಆ ಯಂತ್ರವನ್ನೂ ನೋಡುತ್ತಾ ನಿಂತರು.